ಅರಮನೆಯ ಕಹಳೆಯನ್ನು ದೇವಾಲಯಕ್ಕೆ ತಂದ ಕ್ಲಾವ್ದಿಯೊ ಮೊಂತೆವೆರ್ದಿ

ಇಟಲಿಯ ಕ್ರೆಮೊನಾ ಪಟ್ಟಣದಲ್ಲಿ 1567ರ ಮೇ 15ರಂದು ಔಷಧ ವ್ಯಾಪಾರಿ ಬಾಲ್ದಸ್ಸಾರೆಯವರ ಮಗುವಿಗೆ ದೀಕ್ಷಾಸ್ನಾನವಾಯಿತು. ಆ ಮಗುವೇ ಮುಂದೆ ಒಪೆರಾ ಎಂಬ ಸಂಗೀತ ನಾಟಕಕ್ಕೆ ಜೀವ ತುಂಬಿದ, ಪವಿತ್ರಸಭೆಯ ಸಂಗೀತಕ್ಕೂ ಹೊಸ ತಿರುವು ಕೊಟ್ಟ ಕ್ಲಾವ್ದಿಯೊ ಮೊಂತೆವೆರ್ದಿ. ಇಂದು ಜಗತ್ತಿನ ಹಲವೆಡೆ ಗಾಳಿವಾದ್ಯಗಳ ತಂಡಗಳು ಅವರ ಹಾಡುಗಳನ್ನು ತಮ್ಮ ವಾದ್ಯಗಳಿಗೆ ಹೊಂದಿಸಿಕೊಂಡು ನುಡಿಸುತ್ತಿವೆ. ಹಾಡಲು ಬರೆದದ್ದನ್ನು ಊದುವುದು ಸರಿಯೇ ಎಂದು ಕೇಳುವವರು ಮೊದಲು ಅವರ ಜೀವನವನ್ನು ತಿಳಿದುಕೊಳ್ಳುವುದು ಒಳ್ಳೆಯದೆಂದು ನಮಗೆ ಅನಿಸುತ್ತದೆ.

ಕ್ರೆಮೊನಾದ ಪ್ರಧಾನಾಲಯದ ಸಂಗೀತ ನಿರ್ದೇಶಕ ಇಂಜೆನ್ಯೇರಿ ಅವರ ಗುರುಗಳು. ಹದಿನೈದರ ಹರೆಯದಲ್ಲೇ, 1582ರಲ್ಲಿ, ಅವರ ಭಕ್ತಿಗೀತೆಗಳ ಮೊದಲ ಸಂಗ್ರಹ ಅಚ್ಚಾಯಿತು. 1590ರ ಸುಮಾರಿಗೆ ಅವರು ಮಾಂತುವಾದ ಡ್ಯೂಕ್ ವಿಂಚೆನ್ಸೊ ಗೊನ್ಸಾಗರ ಅರಮನೆಯಲ್ಲಿ ತಂತಿವಾದ್ಯ ನುಡಿಸುವವರಾಗಿ ಸೇರಿದರು. 1599ರಲ್ಲಿ ಆಸ್ಥಾನದ ಗಾಯಕಿ ಕ್ಲಾವ್ದಿಯಾರನ್ನು ವಿವಾಹವಾದರು.

ಆ ಕಾಲದಲ್ಲಿ ಅವರ ಮೇಲೆ ಬಂದ ಟೀಕೆಯೂ ಸಣ್ಣದಲ್ಲ. ಬೊಲೊಞಾದ ಧರ್ಮಗುರು ಆರ್ತುಸಿ 1600ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿ, ಅವರ ಸ್ವರಸಂಯೋಜನೆ ನಿಯಮಬಾಹಿರವೆಂದು ಖಂಡಿಸಿದರು. ಸಂಗೀತವು ಮಾತಿಗೆ ವಿಧೇಯವಾಗಿರಬೇಕು, ಮಾತಿನ ನೋವು ಕೇಳುವವರಿಗೆ ತಲುಪುವುದಾದರೆ ನಿಯಮ ಸ್ವಲ್ಪ ಸಡಿಲವಾದರೂ ತಪ್ಪಿಲ್ಲ ಎಂಬುದು ಮೊಂತೆವೆರ್ದಿಯವರ ನಿಲುವು. ತಮ್ಮ ಜೂಲಿಯೊ ಚೇಸರೆ 1607ರಲ್ಲಿ ಅಣ್ಣನ ಪರವಾಗಿ ಇದನ್ನೇ ಅಚ್ಚಿನಲ್ಲಿ ಸಮರ್ಥಿಸಿದರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1607ರ ಫೆಬ್ರವರಿ 24ರಂದು ಮಾಂತುವಾದಲ್ಲಿ ಅವರ ಒಪೆರಾ ಒರ್ಫೆಯೊ ಪ್ರದರ್ಶನಗೊಂಡಿತು. ಸತ್ತ ಮಡದಿಯನ್ನು ಮರಳಿ ತರಲು ಪಾತಾಳಕ್ಕೆ ಇಳಿಯುವ ಗಾಯಕನ ಕಥೆ ಅದು. ಪರದೆ ಏಳುವ ಮೊದಲು ತೊಕ್ಕಾತಾ ಎಂಬ ಕಹಳೆಯ ನಾದವನ್ನು ಎಲ್ಲ ವಾದ್ಯಗಳೂ ಮೂರು ಬಾರಿ ನುಡಿಸಬೇಕೆಂದು ಪುಸ್ತಕದಲ್ಲಿ ಸೂಚನೆಯಿದೆ. ಕಹಳೆಗಳ ಬಾಯಿಗೆ ಮುಚ್ಚಳ ಹಾಕಿದರೆ ನಾದ ಒಂದು ಸ್ವರ ಮೇಲೇರುವುದರಿಂದ ಉಳಿದವರೂ ಅದಕ್ಕೆ ಸರಿಯಾಗಿ ಏರಿಸಿಕೊಳ್ಳಬೇಕು ಎಂಬ ಎಚ್ಚರಿಕೆಯೂ ಅಲ್ಲಿದೆ. ಪಾತಾಳದ ದೃಶ್ಯಗಳಿಗೆ ಟ್ರೊಂಬೋನುಗಳ ಗಂಭೀರ ಸ್ವರ. ಒರ್ಫೆಯೊ ದೋಣಿಕಾರನನ್ನು ಬೇಡಿಕೊಳ್ಳುವ ಹಾಡಿನ ಒಂದು ಚರಣದಲ್ಲಿ ಎರಡು ಕೊರ್ನೆಟ್ಟೊಗಳು ಒಂದಕ್ಕೊಂದು ಮಾರ್ದನಿ ಕೊಡುತ್ತವೆ.

ಇಲ್ಲೊಂದು ವಿವರಣೆ ಅಗತ್ಯ. ಕೊರ್ನೆಟ್ಟೊ ಎಂದರೆ ನಮ್ಮ ಬ್ಯಾಂಡಿನವರು ಬಲ್ಲ ಹಿತ್ತಾಳೆಯ ಕಾರ್ನೆಟ್ ಅಲ್ಲ. ಮರದಲ್ಲಿ ಮಾಡಿ ಚರ್ಮ ಸುತ್ತಿದ, ಸ್ವಲ್ಪ ಬಾಗಿದ ಕೊಳವೆ ಅದು. ಊದುವ ತುದಿ ಟ್ರಂಪೆಟಿನಂತೆ, ಬೆರಳಿಡುವ ತೂತುಗಳು ಕೊಳಲಿನಂತೆ. ಮನುಷ್ಯನ ಕಂಠಕ್ಕೆ ತೀರಾ ಹತ್ತಿರದ ವಾದ್ಯವೆಂದು ಅಂದಿನವರು ಅದನ್ನು ಮೆಚ್ಚುತ್ತಿದ್ದರು.

ಒರ್ಫೆಯೊ ಪ್ರದರ್ಶನವಾದ ವರ್ಷವೇ ಸೆಪ್ಟೆಂಬರಿನಲ್ಲಿ ಮೊಂತೆವೆರ್ದಿಯವರ ಪತ್ನಿ ತೀರಿಕೊಂಡರು. ಇಬ್ಬರು ಎಳೆಯ ಗಂಡುಮಕ್ಕಳು ಅವರ ಪಾಲಿಗೆ ಉಳಿದರು. ಶೋಕ ಆರುವ ಮೊದಲೇ ಅರಮನೆಯ ಮದುವೆಗಾಗಿ ಹೊಸ ಒಪೆರಾ ಬರೆಯಲು ಕರೆ ಬಂತು. ಆ ಅರಿಯಾನ್ನಾ ಒಪೆರಾದ ನಾಯಕಿಯಾಗಿ ಹಾಡಬೇಕಿದ್ದ ಯುವತಿ ಕತೆರಿನಾ ಮಾರ್ತಿನೆಲ್ಲಿ 1608ರ ಮಾರ್ಚಿನಲ್ಲಿ ಸಿಡುಬಿನಿಂದ ಸತ್ತಳು. ಬೇರೊಬ್ಬ ಗಾಯಕಿಯೊಂದಿಗೆ ಮೇ ತಿಂಗಳಲ್ಲಿ ಪ್ರದರ್ಶನ ನಡೆಯಿತು. ಪ್ರಿಯಕರನು ದ್ವೀಪದಲ್ಲಿ ತೊರೆದುಹೋದ ಹೆಣ್ಣಿನ ಪ್ರಲಾಪವೊಂದನ್ನು ಬಿಟ್ಟು ಅದರ ಸಂಗೀತವೆಲ್ಲ ಕಳೆದುಹೋಗಿದೆ.

1610ರಲ್ಲಿ ಅವರು ಮೇರಿಮಾತೆಯ ಸಂಧ್ಯಾ ಪ್ರಾರ್ಥನೆಯ ಸಂಗೀತವನ್ನು ಅಚ್ಚು ಹಾಕಿಸಿ ಜಗದ್ಗುರು ಐದನೇ ಪೌಲರಿಗೆ ಅರ್ಪಿಸಿದರು. ಮಗ ಫ್ರಾನ್ಸೆಸ್ಕೊಗೆ ಗುರುಮಠದಲ್ಲಿ ಸ್ಥಾನ ಸಿಗಲೆಂಬ ಆಸೆ ಹೊತ್ತು ರೋಮಿಗೂ ಹೋದರು, ಅದು ಕೈಗೂಡಲಿಲ್ಲ. ಆದರೆ ಆ ಸಂಧ್ಯಾ ಪ್ರಾರ್ಥನೆಯ ಆರಂಭದಲ್ಲೇ ಅಚ್ಚರಿಯೊಂದಿದೆ. ದೇವರ ನೆರವನ್ನು ಬೇಡುವ ಆರಂಭದ ಮೊರೆಯನ್ನು ಆರು ಸ್ವರಗಳ ಗಾಯಕವೃಂದ ಒಂದೇ ಸ್ವರಮೇಳದಲ್ಲಿ ಹೇಳುತ್ತಿದ್ದರೆ, ಸುತ್ತಲೂ ಮೊಳಗುವುದು ಒರ್ಫೆಯೊದ ಅದೇ ತೊಕ್ಕಾತಾ! ಡ್ಯೂಕರ ಕಹಳೆಗಳ ಪಾಲನ್ನು ಇಲ್ಲಿ ಕೊರ್ನೆಟ್ಟೊ, ಪಿಟೀಲು, ಟ್ರೊಂಬೋನುಗಳಿಗೆ ಹಂಚಲಾಗಿದೆ. ಅದೇ ಪುಸ್ತಕದ ಇನ್ನೊಂದು ಭಾಗದಲ್ಲಿ ಎಂಟು ವಾದ್ಯಗಳು ನುಡಿಯುತ್ತಿರುವಾಗ ಒಂದೇ ಕಂಠ ಮೇರಿಮಾತೆಯ ಪ್ರಾರ್ಥನೆಯನ್ನು ಹನ್ನೊಂದು ಬಾರಿ ಹಾಡುತ್ತದೆ. ವಾದ್ಯಕ್ಕೂ ಕಂಠಕ್ಕೂ ನಡುವಿನ ಬೇಲಿ ಅವರಿಗೆ ಎತ್ತರದ್ದಾಗಿರಲಿಲ್ಲ.

ವಿಂಚೆನ್ಸೊ 1612ರಲ್ಲಿ ತೀರಿಕೊಂಡರು. ಹೊಸ ಡ್ಯೂಕ್ ಕೆಲವೇ ತಿಂಗಳಲ್ಲಿ ಮೊಂತೆವೆರ್ದಿಯವರನ್ನು ಕೆಲಸದಿಂದ ತೆಗೆದರು. ಇಪ್ಪತ್ತೊಂದು ವರ್ಷಗಳ ಸೇವೆಯ ಬಳಿಕ ಅವರ ಕೈಯಲ್ಲಿದ್ದದ್ದು 25 ಸ್ಕೂದಿ ನಾಣ್ಯಗಳು ಮಾತ್ರ. ಮುಂದಿನ ವರ್ಷ ವೆನಿಸಿನ ಸಂತ ಮಾರ್ಕರ ದೇವಾಲಯ ಅವರನ್ನು 300 ದುಕಾತಿ ವೇತನಕ್ಕೆ ಸಂಗೀತ ನಿರ್ದೇಶಕರನ್ನಾಗಿ ನೇಮಿಸಿತು. 1616ರಲ್ಲಿ ಅದು 400ಕ್ಕೆ ಏರಿತು. ಅಲ್ಲಿ 1568ರಿಂದಲೇ ಕೊರ್ನೆಟ್ಟೊ ಹಾಗೂ ಟ್ರೊಂಬೋನ್ ವಾದಕರಿಗೆ ಕಾಯಂ ಸಂಬಳವಿತ್ತು. ಗಾಯಕರ ಜತೆ ಅವರ ಸ್ವರವನ್ನೇ ನುಡಿಸುವುದು, ಗಾಯಕರು ಕಡಿಮೆಯಾದಲ್ಲಿ ಆ ಪಾಲನ್ನು ತಾವೇ ಊದುವುದು ಅಂದಿನ ವಾದಕರಿಗೆ ದಿನನಿತ್ಯದ ಕೆಲಸ. ಇಂದು ಏರ್ಪಾಡು ಎಂದು ನಾವು ಹೆಸರಿಡುವುದಕ್ಕೆ ಅವರು ಬೇರೆ ಹೆಸರನ್ನೂ ಹುಡುಕಿರಲಿಕ್ಕಿಲ್ಲ.

ವೆನಿಸಿನಲ್ಲಿ ಗೌರವ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ಫ್ರಾನ್ಸೆಸ್ಕೊ ಕಾರ್ಮೆಲ್ ಸಭೆ ಸೇರಿ ತಂದೆಯ ಗಾಯಕವೃಂದದಲ್ಲೇ ಹಾಡಿದರು. ವೈದ್ಯನಾದ ಕಿರಿಯ ಮಗ ಮಾಸ್ಸಿಮಿಲಿಯಾನೊ ನಿಷೇಧಿತ ಪುಸ್ತಕ ಓದಿದನೆಂದು 1627ರಲ್ಲಿ ಧರ್ಮವಿಚಾರಣಾ ಮಂಡಳಿಯ ಸೆರೆಗೆ ಬಿದ್ದ. ಮಗನನ್ನು ಬಿಡಿಸಲು ಅರವತ್ತರ ತಂದೆ ಪತ್ರದ ಮೇಲೆ ಪತ್ರ ಬರೆದು ಪರದಾಡಿದರು, 1628ರಲ್ಲಿ ಬಿಡುಗಡೆಯಾಯಿತು. ಬಳಿಕ ಪ್ಲೇಗ್ ಮಾರಿ ವೆನಿಸ್ ನಗರವೊಂದರಲ್ಲೇ ಸುಮಾರು 46,000 ಜನರನ್ನು ಬಲಿ ತೆಗೆದುಕೊಂಡಿತು. 1631ರ ನವೆಂಬರಿನಲ್ಲಿ ರೋಗ ತೊಲಗಿದ್ದಕ್ಕೆ ಅರ್ಪಿಸಿದ ಕೃತಜ್ಞತಾ ಬಲಿಪೂಜೆಯಲ್ಲಿ ಅವರ ಸಂಗೀತದೊಡನೆ ಕಹಳೆಗಳೂ ಮೊಳಗಿದವು. ಮರುವರ್ಷ, ಅರವತ್ತೈದನೇ ವಯಸ್ಸಿನ ಹೊಸ್ತಿಲಲ್ಲಿ, ಅವರು ಗುರುದೀಕ್ಷೆ ಪಡೆದರು.

ಧರ್ಮಗುರುವಾದ ಮೇಲೂ ಅವರು ಒಪೆರಾ ಬಿಡಲಿಲ್ಲ. ಹಾಗೆಯೇ 1640-41ರಲ್ಲಿ ಪ್ರಕಟವಾದ ಅವರ ಭಕ್ತಿಸಂಗೀತದ ದೊಡ್ಡ ಸಂಗ್ರಹದ ಕೊನೆಯಲ್ಲಿ ಅರಿಯಾನ್ನಾಳ ಆ ಹಳೆಯ ಪ್ರಲಾಪ ಮತ್ತೆ ಕಾಣಿಸಿಕೊಂಡಿತು. ಈ ಬಾರಿ ಅದಕ್ಕೆ ಲತೀನ್ ಮಾತುಗಳು. ಅಳುವವಳು ಶಿಲುಬೆಯಡಿಯಲ್ಲಿ ನಿಂತ ಮೇರಿಮಾತೆ. ಸ್ವರಗಳು ಬಹುಮಟ್ಟಿಗೆ ಅವೇ. ಮಾತೇ ಮೊದಲು ಎಂದು ಹೋರಾಡಿದವರು ಮಾತನ್ನೇ ಬದಲಿಸಿದರು. ಆದರೆ ದುಃಖವನ್ನು ಬದಲಿಸಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

1643ರ ನವೆಂಬರ್ 29ರಂದು ಅವರು ತೀರಿಕೊಂಡರು. ವೆನಿಸಿನ ಫ್ರಾರಿ ದೇವಾಲಯದಲ್ಲಿ ಅವರ ಸಮಾಧಿಯಿದೆ. ಬಳಿಕ ಎರಡು ಶತಮಾನಕ್ಕೂ ಹೆಚ್ಚು ಕಾಲ ಅವರ ಸಂಗೀತ ಬಹುತೇಕ ಮರೆವಿಗೆ ಸಂದಿತ್ತು. 1904ರಲ್ಲಿ ಪ್ಯಾರಿಸಿನಲ್ಲಿ ವೆನ್ಸಾನ್ ದಾಂದಿಯವರು ಒರ್ಫೆಯೊವನ್ನು ಮತ್ತೆ ಕೇಳಿಸಿದರು. 1926ರಿಂದ 1942ರವರೆಗೆ ಮಲಿಪಿಯೆರೊ ಅವರ ಕೃತಿಗಳನ್ನು ಸಂಪುಟಗಳಲ್ಲಿ ಹೊರತಂದರು. ಗಾಳಿವಾದ್ಯದವರ ಕೈಗೂ ಆಗಲೇ ಸ್ವರಗಳು ಸಿಕ್ಕವು.

ಈಗ ಮಾಮೂಲಿ ಕ್ರಮವೆಂದರೆ ಕೊರ್ನೆಟ್ಟೊ ಮತ್ತು ಮೇಲಿನ ಕಂಠದ ಪಾಲು ಟ್ರಂಪೆಟಿಗೆ, ನಡುವಿನವು ಹಾರ್ನ್ ಮತ್ತು ಟ್ರೊಂಬೋನಿಗೆ, ತಳಸ್ವರ ಟ್ಯೂಬಾಕ್ಕೆ. ಬರೆಯುವವರಿಗೆ ತೊಂದರೆಯಾಗುವುದು ತಳಸ್ವರದ ಮೇಲೆ. ಮೊಂತೆವೆರ್ದಿ ಅನೇಕ ಕಡೆ ಕೆಳಗಿನ ಸ್ವರವನ್ನಷ್ಟೇ ಬರೆದು, ಮೇಲಿನದನ್ನು ಆರ್ಗನ್ ವಾದಕರ ತಿಳಿವಳಿಕೆಗೆ ಬಿಟ್ಟಿದ್ದಾರೆ. ಬ್ಯಾಂಡಿನಲ್ಲಿ ಆರ್ಗನ್ ಇಲ್ಲದಿದ್ದರೆ ಆ ನಡುಸ್ವರಗಳನ್ನು ಬರೆದೇ ತುಂಬಬೇಕಾಗುತ್ತದೆ. ಇನ್ನು ಇಂದಿನ ಟ್ರಂಪೆಟ್ ಕೊರ್ನೆಟ್ಟೊಗಿಂತ ಬಹಳ ಜೋರು. ಮೆಲ್ಲಗೆ ಊದಲು ಬಾರದವರು ಇದಕ್ಕೆ ಕೈಹಾಕದಿರುವುದೇ ಲೇಸು.

ತೊಕ್ಕಾತಾ ಮೊದಲಿನಿಂದಲೂ ವಾದ್ಯಕ್ಕೇ ಹುಟ್ಟಿದ್ದರಿಂದ ಬ್ಯಾಂಡಿಗೆ ಬಂದಾಗ ಏನನ್ನೂ ಕಳೆದುಕೊಳ್ಳುವುದಿಲ್ಲ. ವಾರ್ಷಿಕ ಹಬ್ಬದ ಪರಮಪ್ರಸಾದದ ಮೆರವಣಿಗೆಗಳಲ್ಲಿ ನುಡಿಸಿ ಪಳಗಿದ ತಂಡ ಅದನ್ನು ಕಲಿಯಬಲ್ಲದು. ಪ್ರಲಾಪದ ಸಂಗತಿ ಬೇರೆ. ಅಲ್ಲಿ ತಾಳಕ್ಕಿಂತ ಮಾತಿನ ಉಸಿರೇ ಮುಖ್ಯ. ಮಾತನ್ನು ಕಿತ್ತುಹಾಕಿ ಸ್ವರವನ್ನಷ್ಟೇ ನೇರ ತಾಳಕ್ಕೆ ಹೊಡೆದರೆ ಅದು ನಿಧಾನಗತಿಯ ಮಾರ್ಚ್ ಆಗಿಬಿಡುತ್ತದೆ. ನಾವು ಕೇಳಿದ ಕೆಲವು ಧ್ವನಿಮುದ್ರಣಗಳಲ್ಲಿ ಹಾಗೆಯೇ ಆಗಿದೆ. ವಾದಕರು ಮೊದಲು ಆ ಸಾಲುಗಳನ್ನು ಬಾಯಲ್ಲಿ ಹೇಳಿ, ಎಲ್ಲಿ ಉಸಿರು ನಿಲ್ಲುತ್ತದೆ, ಎಲ್ಲಿ ಮಾತು ತಡವರಿಸುತ್ತದೆ ಎಂದು ತಮ್ಮ ಹಾಳೆಯಲ್ಲಿ ಗುರುತು ಹಾಕಿಕೊಂಡು ಆಮೇಲೆ ವಾದ್ಯ ಎತ್ತಿಕೊಳ್ಳಲಿ.