ಬ್ರಾಡ್ಲಾ ಮತ್ತು ನಾರ್ಥಾಂಪ್ಟನ್ನಿನ ಮತದಾರರು

ಕಳೆದ ವರ್ಷ ನಮ್ಮೂರಿನ ಗ್ರಾಮ ಪಂಚಾಯಿತಿಯ ಸದಸ್ಯರೊಬ್ಬರು ತೀರಿಕೊಂಡು, ಅವರ ಸ್ಥಾನಕ್ಕೆ ಉಪಚುನಾವಣೆ ನಡೆಯಿತು. ನಾನು ಮೊಟ್ಟಮೊದಲು ಮತ ಹಾಕಿದ್ದು ಆ ಚುನಾವಣೆಯಲ್ಲಿಯೇ. ಅಂದು ನನ್ನ ತಾಯಿ ಅರ್ಧ ದಿನದ ಕೂಲಿಯನ್ನು ಬಿಟ್ಟು ನನ್ನೊಡನೆ ಶಾಲೆಯ ಕಟ್ಟಡದವರೆಗೆ ನಡೆದು ಬಂದಳು. ದಾರಿಯಲ್ಲಿ ಹಿರಿಯರೊಬ್ಬರು, ಉಳಿದಿರುವ ಒಂದೂವರೆ ವರ್ಷದ ಅವಧಿಗೆ, ಅದೂ ಒಂದೇ ಒಂದು ಸ್ಥಾನಕ್ಕೆ, ಕೂಲಿ ಕಳೆದುಕೊಳ್ಳಬೇಕೆ ಎಂದು ನಕ್ಕರು. ತಾಯಿ ಏನನ್ನೂ ಹೇಳದೆ ಮುಂದೆ ನಡೆದಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ರಾಜ್ಯಶಾಸ್ತ್ರವನ್ನು ಓದುತ್ತಿರುವ ನನಗೂ ಅಂದು ಉತ್ತರ ತೋಚಲಿಲ್ಲ.

ಕೆಲವು ತಿಂಗಳ ಅನಂತರ ಕಾಲೇಜಿನ ಪುಸ್ತಕಭಂಡಾರದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಚರಿತ್ರೆಯನ್ನು ಓದುತ್ತಿದ್ದಾಗ ಚಾರ್ಲ್ಸ್ ಬ್ರಾಡ್ಲಾ ಎಂಬಾತನ ಹೆಸರು ಕಣ್ಣಿಗೆ ಬಿದ್ದಿತು. ಆ ಹಿರಿಯರ ಪ್ರಶ್ನೆಗೆ ಉತ್ತರವು ಈತನ ಬಾಳಿನಲ್ಲಿದೆಯೆಂದು ನನಗೆ ತೋರಿದುದರಿಂದ, ನನ್ನ ಅಲ್ಪ ತಿಳಿವಳಿಕೆಗೆ ಎಟುಕಿದಷ್ಟನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಬ್ರಾಡ್ಲಾ ಹುಟ್ಟಿದ್ದು 1833ನೆಯ ಇಸವಿ ಸೆಪ್ಟೆಂಬರ್ 26ರಂದು, ಲಂಡನ್ನಿನ ಹಾಕ್ಸ್‌ಟನ್ ಎಂಬ ಬಡಾವಣೆಯಲ್ಲಿ. ತಂದೆ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದನು. ಸಂಬಳ ಚಿಕ್ಕದು, ಸಂಸಾರ ದೊಡ್ಡದು. ಹನ್ನೊಂದನೆಯ ವಯಸ್ಸಿಗೇ ಹುಡುಗನ ಶಾಲೆ ಮುಗಿದುಹೋಯಿತು. ಮೊದಲು ಕಚೇರಿಯಲ್ಲಿ ಕಾಗದಪತ್ರ ಹೊತ್ತು ಓಡಾಡುವ ಕೆಲಸ, ಅನಂತರ ಕಲ್ಲಿದ್ದಲಿನ ವ್ಯಾಪಾರಿಯ ಬಳಿ ಲೆಕ್ಕ ಬರೆಯುವ ಕೆಲಸ. ಭಾನುವಾರಗಳಲ್ಲಿ ಇಗರ್ಜಿಯ ಮಕ್ಕಳಿಗೆ ಧರ್ಮಪಾಠ ಹೇಳುವ ಭಕ್ತ ಬಾಲಕನಾಗಿದ್ದ ಆತನು, ಪಾಠಕ್ಕಾಗಿ ಬೈಬಲ್ಲನ್ನೂ ತನ್ನ ಪಂಥದ ಧರ್ಮಸೂತ್ರಗಳನ್ನೂ ಹೋಲಿಸಿ ನೋಡಿದಾಗ ಎರಡೂ ಒಂದಕ್ಕೊಂದು ಹೊಂದಲಿಲ್ಲ. ಸಂಶಯವನ್ನು ಪಾದ್ರಿಗೆ ಬರೆದು ತಿಳಿಸಿದನು. ಸಮಾಧಾನ ಹೇಳಬೇಕಾಗಿದ್ದ ಪಾದ್ರಿಯು ಹುಡುಗನನ್ನು ನಾಸ್ತಿಕನೆಂದು ದೂರಿ, ಪಾಠ ಹೇಳುವುದನ್ನು ನಿಲ್ಲಿಸಿಬಿಟ್ಟನು. ಈ ಜಗಳ ಬೆಳೆದು ಕೊನೆಗೆ ಹುಡುಗನು ತಂದೆಯ ಮನೆಯನ್ನೇ ತೊರೆಯಬೇಕಾಯಿತು. ಪ್ರಶ್ನೆ ಕೇಳಿದವನಿಗೆ ಉತ್ತರ ಕೊಡದೆ ಹೊರಗೆ ಹಾಕುವುದು ಹೇಗಿರುತ್ತದೆಂಬುದನ್ನು ಬ್ರಾಡ್ಲಾ ಅಷ್ಟು ಎಳೆಯ ವಯಸ್ಸಿನಲ್ಲಿಯೇ ಕಂಡನು. ಮುಂದೆ ಪಾರ್ಲಿಮೆಂಟಿನಲ್ಲಿಯೂ ಅದನ್ನೇ ಕಾಣಬೇಕಾಯಿತು.

ಹೊಟ್ಟೆಪಾಡಿಗಾಗಿ ಸೈನ್ಯಕ್ಕೆ ಸೇರಿ ಐರ್ಲೆಂಡಿನಲ್ಲಿ ಕೆಲಕಾಲವಿದ್ದನು. ಅಲ್ಲಿ ಗೇಣಿದಾರರ ದುರವಸ್ಥೆಯನ್ನು ಕಣ್ಣಾರೆ ಕಂಡನು. 1853ರಲ್ಲಿ ಹಣ ಕಟ್ಟಿ ಬಿಡುಗಡೆ ಪಡೆದು, ಲಂಡನ್ನಿಗೆ ಮರಳಿ ವಕೀಲರ ಗುಮಾಸ್ತನಾದನು. ಕಾನೂನನ್ನು ಯಾವ ಕಾಲೇಜಿನಲ್ಲಿಯೂ ಕಲಿಯಲಿಲ್ಲ. ಕಚೇರಿಯ ಕಡತಗಳಲ್ಲಿಯೇ ಕಲಿತನು. ಮುಂದೆ ತನ್ನ ಮೊಕದ್ದಮೆಗಳಲ್ಲಿ ಇಂಗ್ಲೆಂಡಿನ ದೊಡ್ಡ ದೊಡ್ಡ ವಕೀಲರೆದುರು ತಾನೇ ನಿಂತು ವಾದಿಸುವಷ್ಟು ಗಟ್ಟಿಯಾಗಿ ಕಲಿತನು. ಹಗಲು ಗುಮಾಸ್ತಗಿರಿ, ಸಂಜೆ ಭಾಷಣ. 1866ರಲ್ಲಿ ರಾಷ್ಟ್ರೀಯ ಸೆಕ್ಯುಲರ್ ಸಂಘವನ್ನು ಸ್ಥಾಪಿಸಿದನು. ಮುಂದೆ ನಮ್ಮ ದೇಶದಲ್ಲಿ ಪ್ರಖ್ಯಾತರಾದ ಆನಿ ಬೆಸೆಂಟರು ಈ ಕಾಲದಲ್ಲಿ ಆತನ ಸಹೋದ್ಯೋಗಿಯಾಗಿದ್ದರು.

ನಾರ್ಥಾಂಪ್ಟನ್ ಪಾದರಕ್ಷೆಗಳಿಗೆ ಹೆಸರಾದ ಪಟ್ಟಣ. ಅಲ್ಲಿಯ ಕುಟುಂಬಗಳಲ್ಲಿ ಎಷ್ಟೋ ಚರ್ಮ ಕತ್ತರಿಸಿ, ಅಟ್ಟೆ ಹೊಲಿದು ಬದುಕುವಂಥವು. 1867ರ ಸುಧಾರಣಾ ಕಾಯಿದೆಯು ಪಟ್ಟಣಗಳ ಕೆಲಸಗಾರರಲ್ಲಿ ಬಹುಮಂದಿಗೆ ಮತದ ಹಕ್ಕನ್ನು ತಂದುಕೊಟ್ಟಿತ್ತು. 1872ರ ಕಾಯಿದೆಯಿಂದ ಮತವು ಗುಪ್ತವಾಯಿತು. ಯಜಮಾನನ ಕಣ್ಣಿಗೆ ಬೀಳದಂತೆ ಮತ ಹಾಕುವುದು ಸಾಧ್ಯವಾಯಿತು. ಹೆಂಗಸರಿಗೆ ಆ ಹಕ್ಕು ಇನ್ನೂ ಇರಲಿಲ್ಲ. ಈ ಪಟ್ಟಣದಿಂದ ಇಬ್ಬರು ಸದಸ್ಯರು ಪಾರ್ಲಿಮೆಂಟಿಗೆ ಹೋಗುತ್ತಿದ್ದರು. ಬ್ರಾಡ್ಲಾ 1868ರಲ್ಲಿ ಅಲ್ಲಿ ನಿಂತು ಸೋತನು. 1874ರ ಸಾರ್ವತ್ರಿಕ ಚುನಾವಣೆಯಲ್ಲಿಯೂ ಸೋತನು. ಅದೇ ವರ್ಷ ಅಲ್ಲಿಯ ಸದಸ್ಯ ಚಾರ್ಲ್ಸ್ ಗಿಲ್ಪಿನ್ ತೀರಿಕೊಳ್ಳಲು, ತೆರವಾದ ಸ್ಥಾನಕ್ಕೆ ಉಪಚುನಾವಣೆ ನಡೆದಾಗ ಮತ್ತೊಮ್ಮೆ ನಿಂತು ಮತ್ತೊಮ್ಮೆ ಸೋತನು. ಆತನು ಕಂಡ ಮೊದಲ ಉಪಚುನಾವಣೆ ಅದು. 1880ರಲ್ಲಿ, ಹನ್ನೆರಡು ವರ್ಷಗಳ ಪ್ರಯತ್ನದ ಮೇಲೆ, ಹೆನ್ರಿ ಲಬೂಷೇರ್ ಎಂಬಾತನೊಂದಿಗೆ ಗೆದ್ದುಬಂದನು.

ತೊಡಕು ಆರಂಭವಾದದ್ದು ಗೆದ್ದ ಮೇಲೆಯೇ. ಕಾಮನ್ಸ್ ಸಭೆಯಲ್ಲಿ ಕುಳಿತುಕೊಳ್ಳುವ ಮೊದಲು ಸದಸ್ಯನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕು. ದೇವರನ್ನು ನಂಬದ ಸಾಕ್ಷಿಗಳು ಪ್ರಮಾಣಕ್ಕೆ ಬದಲಾಗಿ ಬರಿಯ ಪ್ರತಿಜ್ಞೆ ಮಾಡಬಹುದೆಂದು ನ್ಯಾಯಾಲಯಗಳಲ್ಲಿ ಅದಾಗಲೇ ಕಾನೂನಾಗಿತ್ತು. ಅದೇ ಸೌಲಭ್ಯವನ್ನು 1880ರ ಮೇ 3ರಂದು ಬ್ರಾಡ್ಲಾ ಕೇಳಿದನು. ಸಮಿತಿಯೊಂದು ಅಧ್ಯಕ್ಷನ ನಿರ್ಣಾಯಕ ಮತದಿಂದ ಇದನ್ನು ತಳ್ಳಿಹಾಕಿತು. ಹಾಗಾದರೆ ರೂಢಿಯ ಪ್ರಮಾಣವನ್ನೇ ಮಾಡುವೆನೆಂದು ಮುಂದೆ ಬಂದನು. ಆದರೆ ಆ ಪ್ರಮಾಣದ ಕೆಲವು ಮಾತುಗಳಿಗೆ ತನ್ನ ಮಟ್ಟಿಗೆ ಅರ್ಥವಿಲ್ಲವೆಂದು ಪತ್ರಿಕೆಗಳಿಗೂ ಬರೆದನು. ಈ ಕಾಗದವು ಆತನ ಎದುರಾಳಿಗಳ ಕೈಗೆ ಆಯುಧವಾಯಿತೆಂಬುದನ್ನು ಒಪ್ಪಬೇಕು. ಜೂನ್ 22ರಂದು ಸಭೆಯು 275 ಮತಗಳಿಂದ 230ರ ವಿರುದ್ಧ ಪ್ರಮಾಣವೂ ಬೇಡ, ಪ್ರತಿಜ್ಞೆಯೂ ಬೇಡವೆಂದು ತೀರ್ಮಾನಿಸಿತು. ಮರುದಿನ ಆತನು ಹೊರಗೆ ಹೋಗಲೊಪ್ಪದಿರಲು, ಪಾರ್ಲಿಮೆಂಟಿನ ಗಡಿಯಾರದ ಗೋಪುರದಲ್ಲಿ ಆತನನ್ನು ಒಂದು ರಾತ್ರಿ ಬಂಧನದಲ್ಲಿಟ್ಟರು.

ಜುಲೈ ತಿಂಗಳಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಒಂದು ದಾರಿಯನ್ನು ತೆರೆದನು. ಕಾನೂನಿನ ಹೊಣೆಯನ್ನು ತಾನೇ ಹೊತ್ತು ಪ್ರತಿಜ್ಞೆ ಮಾಡಲು ಬ್ರಾಡ್ಲಾನಿಗೆ ಅವಕಾಶ ದೊರೆಯಿತು. ಆತನು ಸಭೆಯಲ್ಲಿ ಕುಳಿತು ಮತ ಹಾಕಿದೊಡನೆ ವಿರೋಧಿಗಳು ಮೊಕದ್ದಮೆ ಹೂಡಿಸಿದರು. ಪ್ರಮಾಣವಿಲ್ಲದೆ ಹಾಕಿದ ಒಂದೊಂದು ಮತಕ್ಕೂ 500 ಪೌಂಡು ದಂಡವಿತ್ತು. 1881ರ ಮಾರ್ಚಿಯಲ್ಲಿ ನ್ಯಾಯಾಲಯದ ತೀರ್ಪು ಆತನಿಗೆ ವಿರುದ್ಧವಾಗಿ ಬಂದು ಸ್ಥಾನವು ತೆರವಾಯಿತು.

ಇಲ್ಲಿ ಉಪಚುನಾವಣೆಯ ಮರ್ಮವನ್ನು ಸ್ವಲ್ಪ ವಿವರಿಸುವುದು ಉಚಿತ. ಸದಸ್ಯನು ಸತ್ತರೆ, ಅನರ್ಹನಾದರೆ, ಅಥವಾ ಸಭೆಯೇ ಆತನನ್ನು ಉಚ್ಚಾಟಿಸಿದರೆ ಸ್ಥಾನವು ತೆರವಾಗುತ್ತದೆ. ತೆರವಾದ ಸ್ಥಾನವನ್ನು ತನಗೆ ಬೇಕಾದವರಿಂದ ತುಂಬಿಕೊಳ್ಳುವ ಅಧಿಕಾರವು ಸಭೆಗಿಲ್ಲ. ಹೊಸ ಚುನಾವಣೆಗೆ ಆಜ್ಞಾಪತ್ರವನ್ನು ಕಳುಹಿಸಲೇಬೇಕು. ಯಾರನ್ನು ಹೊರಗೆ ಹಾಕಬೇಕೆಂಬುದನ್ನು ಸಭೆಯು ತೀರ್ಮಾನಿಸಬಲ್ಲುದು. ಯಾರು ಒಳಗೆ ಬರಬೇಕೆಂಬುದನ್ನು ಮಾತ್ರ ಮತ್ತೆ ಆ ಊರಿನ ಜನರನ್ನೇ ಕೇಳಬೇಕು.

1881ರ ಏಪ್ರಿಲ್ 9ರಂದು ನಾರ್ಥಾಂಪ್ಟನ್ನಿನ ಜನರನ್ನು ಹಾಗೆ ಕೇಳಲಾಯಿತು. ಬ್ರಾಡ್ಲಾನಿಗೆ 3,437 ಮತಗಳು, ಎದುರಾಳಿ ಕಾರ್ಬೆಟ್ಟನಿಗೆ 3,305. ಅಂತರ 132. ಗೆದ್ದುಬಂದವನನ್ನು ಸಭೆಯು ಮತ್ತೆ ಒಳಗೆ ಬಿಡಲಿಲ್ಲ. ಆಗಸ್ಟ್ 3ರಂದು ಆತನು ಬಾಗಿಲಿಗೆ ಬಂದಾಗ ಪೊಲೀಸರೂ ಸಭೆಯ ಸೇವಕರೂ ಸೇರಿ ಹಿಡಿದೆಳೆದು, ಮೆಟ್ಟಿಲುಗಳ ಕೆಳಗೆ ಅಂಗಳಕ್ಕೆ ದೂಡಿದರು. ಕೋಟು ಹರಿಯಿತು. ಬೆಂಬಲಿಗರ ದೊಡ್ಡ ಗುಂಪು ಸಮೀಪದಲ್ಲಿಯೇ ಇದ್ದಿತು. ಆತನು ಒಂದು ಸನ್ನೆ ಮಾಡಿದ್ದರೆ ದೊಂಬಿಯಾಗುತ್ತಿತ್ತು. ಆತನು ಆ ಸನ್ನೆಯನ್ನು ಮಾಡಲಿಲ್ಲ. ಬಲಕ್ಕೆ ಪ್ರತಿಯಾಗಿ ಬಲವನ್ನಲ್ಲ, ಮತವನ್ನೇ ನಂಬಿದನು.

1882ರ ಫೆಬ್ರವರಿ 21ರಂದು ಬ್ರಾಡ್ಲಾ ಸಭೆಯ ಮೇಜಿನ ಬಳಿಗೆ ತಾನೇ ನಡೆದುಹೋಗಿ, ಜೇಬಿನಿಂದ ಬೈಬಲ್ಲಿನ ಪ್ರತಿಯನ್ನು ತೆಗೆದು, ಪ್ರಮಾಣವನ್ನು ತಾನೇ ಓದಿ ಸಹಿ ಹಾಕಿದನು. ಮರುದಿನವೇ ಸಭೆಯು ಆತನನ್ನು ಉಚ್ಚಾಟಿಸಿತು. ಮತ್ತೆ ಉಪಚುನಾವಣೆ. ಮಾರ್ಚಿ 2ರಂದು ಬ್ರಾಡ್ಲಾನಿಗೆ 3,796, ಕಾರ್ಬೆಟ್ಟನಿಗೆ 3,688, ಅಂತರ 108. ಈ ಲೆಕ್ಕವನ್ನು ನಾನು ನನ್ನ ನೋಟುಪುಸ್ತಕದಲ್ಲಿ ಮಾಡಿ ನೋಡಿದೆನು. ಬ್ರಾಡ್ಲಾನಿಗೆ ಮತ ಕೊಟ್ಟವರಲ್ಲಿ 55 ಜನರು ಅಂದು ಆ ಕಡೆಗೆ ಹಾಕಿದ್ದರೆ ಆತನು ಸೋಲುತ್ತಿದ್ದನು. ಐವತ್ತೈದು ಜನರೆಂದರೆ ನಮ್ಮ ಒಂದು ತರಗತಿಯಷ್ಟು. ಅರ್ಧ ದಿನದ ಕೂಲಿಯೇ ಹೆಚ್ಚೆಂದು ಅಷ್ಟು ಮಂದಿಗೆ ತೋರಿ, ಇನ್ನೂ ಅಷ್ಟು ಮಂದಿ ಬೇಸತ್ತು ಮನೆಯಲ್ಲಿ ಉಳಿದಿದ್ದರೂ ಫಲ ಅದೇ ಆಗುತ್ತಿತ್ತು.

ನಾರ್ಥಾಂಪ್ಟನ್ನಿನ ಜನರೆಲ್ಲ ನಾಸ್ತಿಕರಾಗಿದ್ದರೆಂದು ತಿಳಿಯಬಾರದು. ತಪ್ಪದೆ ಪ್ರಾರ್ಥನೆಗೆ ಹೋಗುವವರು ಅವರಲ್ಲಿ ಬಹಳ ಮಂದಿಯಿದ್ದರು. ದೇವರಿದ್ದಾನೆಯೆ ಎಂಬ ಪ್ರಶ್ನೆಗೆ ಅವರು ಮತ ಕೊಡಲಿಲ್ಲ. ತಮ್ಮ ಪ್ರತಿನಿಧಿಯನ್ನು ಆರಿಸುವ ಹಕ್ಕು ತಮ್ಮದೋ ಅಥವಾ ಲಂಡನ್ನಿನ ಸಭೆಯದೋ ಎಂಬ ಪ್ರಶ್ನೆಗೆ ಮತ ಕೊಟ್ಟರು ಎಂದು ನಾನು ತಿಳಿದಿದ್ದೇನೆ.

1883ರಲ್ಲಿ ಸರ್ಕಾರವು ಪ್ರತಿಜ್ಞೆಗೆ ಅವಕಾಶ ಕೊಡುವ ಮಸೂದೆಯನ್ನು ತಂದಿತು. ಸ್ವತಃ ದೈವಭಕ್ತನಾದ ಗ್ಲಾಡ್‌ಸ್ಟನ್ ಅದರ ಪರವಾಗಿ ತನ್ನ ಜೀವಮಾನದ ಶ್ರೇಷ್ಠ ಭಾಷಣಗಳಲ್ಲೊಂದನ್ನು ಮಾಡಿದರೂ, ಮಸೂದೆಯು 289ಕ್ಕೆ 292, ಅಂದರೆ ಮೂರೇ ಮತಗಳಿಂದ ಬಿದ್ದುಹೋಯಿತು. 1884ರ ಫೆಬ್ರವರಿಯಲ್ಲಿ ಬ್ರಾಡ್ಲಾ ಮತ್ತೊಮ್ಮೆ ತಾನೇ ಪ್ರಮಾಣವನ್ನೋದಿ, ಸಭೆಯಲ್ಲಿ ಮತವನ್ನೂ ಹಾಕಿ, ಮತ್ತೊಮ್ಮೆ ಹೊರಗೆ ಬಿದ್ದನು. ಇಂಗ್ಲೆಂಡಿನಲ್ಲಿ ಸದಸ್ಯನು ನೇರವಾಗಿ ರಾಜೀನಾಮೆ ಕೊಡುವಂತಿಲ್ಲ. ಚಿಲ್ಟರ್ನ್ ಹಂಡ್ರೆಡ್ಸ್ ಎಂಬ, ಹೆಸರಿಗಷ್ಟೇ ಇರುವ ಸರ್ಕಾರಿ ಹುದ್ದೆಯನ್ನು ಬೇಡಿ ಪಡೆದರೆ ಸ್ಥಾನವು ತೆರವಾಗುತ್ತದೆ. ಈ ಸಲ ಬ್ರಾಡ್ಲಾ ತಾನೇ ಆ ದಾರಿಯನ್ನು ಹಿಡಿದು ಸ್ಥಾನವನ್ನು ತೆರವು ಮಾಡಿ ಜನರ ಮುಂದೆ ಹೋಗಿ ನಿಂತನು. ಫೆಬ್ರವರಿ 19ರಂದು 4,032 ಮತಗಳು ಆತನಿಗೆ, 3,664 ಎದುರಾಳಿಗೆ. ಅಂತರ 368. ಈ ಮೂರು ಉಪಚುನಾವಣೆಗಳಲ್ಲಿ ಆತನಿಗೆ ಬಿದ್ದ ಮತಗಳು ಒಂದರಿಂದೊಂದಕ್ಕೆ ಹೆಚ್ಚುತ್ತ ಹೋದುದನ್ನು ಗಮನಿಸಬೇಕು.

1885ರ ಸಾರ್ವತ್ರಿಕ ಚುನಾವಣೆಯಲ್ಲಿಯೂ ಆತನು ಗೆದ್ದನು. 1886ರ ಜನವರಿ 13ರಂದು ಹೊಸ ಪಾರ್ಲಿಮೆಂಟಿನ ಸ್ಪೀಕರನಾದ ಆರ್ಥರ್ ಪೀಲ್, ಪ್ರಮಾಣ ಮಾಡಬಂದ ಸದಸ್ಯನನ್ನು ತಡೆಯುವ ಅಧಿಕಾರವು ಯಾರಿಗೂ ಇಲ್ಲವೆಂದು ವಿರೋಧಿಗಳ ಬಾಯಿ ಮುಚ್ಚಿಸಿದನು. ಆರು ವರ್ಷಗಳ ಹೋರಾಟವು ಕೆಲವು ನಿಮಿಷಗಳಲ್ಲಿ ಮುಗಿಯಿತು. 1888ರಲ್ಲಿ, ಪ್ರಮಾಣ ಬೇಡವೆಂಬವರು ಪ್ರತಿಜ್ಞೆ ಮಾಡಬಹುದೆಂಬ ಕಾಯಿದೆಯನ್ನು ಬ್ರಾಡ್ಲಾ ತಾನೇ ಮಂಡಿಸಿ ಜಾರಿಗೆ ತಂದನು. ಯಾವ ಬಾಗಿಲಲ್ಲಿ ತನ್ನನ್ನು ತಡೆದಿದ್ದರೋ ಆ ಬಾಗಿಲನ್ನು ಹಿಂದೆ ಬರುವವರೆಲ್ಲರಿಗೂ ತೆರೆದಿಟ್ಟನು.

ನಮ್ಮ ದೇಶಕ್ಕೂ ಈತನಿಗೂ ಇದ್ದ ನಂಟನ್ನು ಹೇಳದಿರಲಾಗದು. ಸ್ವಂತ ಪ್ರತಿನಿಧಿಯಿಲ್ಲದ ಭಾರತೀಯರ ಪರವಾಗಿ ಪಾರ್ಲಿಮೆಂಟಿನಲ್ಲಿ ಆತನು ಎತ್ತಿದ ಪ್ರಶ್ನೆಗಳಿಂದಾಗಿ ಜನರು ಆತನನ್ನು ಭಾರತದ ಸದಸ್ಯನೆಂದೇ ಕರೆದರು. 1889ರ ಡಿಸೆಂಬರಿನಲ್ಲಿ, ಕಠಿಣ ಕಾಯಿಲೆಯಿಂದ ಎದ್ದ ಕೆಲವೇ ದಿನಗಳಲ್ಲಿ, ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದನು. ಮರುವರ್ಷ ಭಾರತದ ಶಾಸನ ಸಭೆಗಳ ಸುಧಾರಣೆಗಾಗಿ ಮಸೂದೆಯನ್ನು ಮಂಡಿಸಿದನು.

1891ರ ಜನವರಿ 27ರಂದು ಕಾಮನ್ಸ್ ಸಭೆಯು ತನ್ನ 1880ರ ನಿರ್ಣಯವನ್ನು ದಾಖಲೆಯಿಂದ ಅಳಿಸಿಹಾಕಲು ಒಪ್ಪಿತು. ಮರಣಶಯ್ಯೆಯಲ್ಲಿದ್ದ ಬ್ರಾಡ್ಲಾನಿಗೆ ಅದು ತಿಳಿಯಲೇ ಇಲ್ಲ. ಜನವರಿ 30ರಂದು ಆತನು ಕಣ್ಣು ಮುಚ್ಚಿದನು. ಬ್ರುಕ್‌ವುಡ್ ಸ್ಮಶಾನಕ್ಕೆ ಬಂದ ಸಾವಿರಾರು ಜನರಲ್ಲಿ ಬ್ಯಾರಿಸ್ಟರ್ ಆಗಲು ಲಂಡನ್ನಿಗೆ ಬಂದಿದ್ದ 21 ವರ್ಷದ ಭಾರತೀಯ ವಿದ್ಯಾರ್ಥಿಯೊಬ್ಬನೂ ಇದ್ದನು. ಆತನು ಮೋಹನದಾಸ ಗಾಂಧಿ. ದೇವರನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡದ ಗಾಂಧೀಜಿಯವರು ನಾಸ್ತಿಕನೊಬ್ಬನ ಅಂತ್ಯಕ್ರಿಯೆಗೆ ಹೋಗಿ ನಿಂತದ್ದು ನಮ್ಮಂಥ ವಿದ್ಯಾರ್ಥಿಗಳು ಮನಸ್ಸಿನಲ್ಲಿಡಬೇಕಾದ ಸಂಗತಿ.

ಬ್ರಾಡ್ಲಾನ ಸಾವಿನಿಂದ ನಾರ್ಥಾಂಪ್ಟನ್ನಿನ ಸ್ಥಾನವು ಮತ್ತೆ ತೆರವಾಯಿತು. ಮುಂದಿನ ತಿಂಗಳಲ್ಲಿಯೇ ಉಪಚುನಾವಣೆ ನಡೆದು, ಜನರು ಪಾದರಕ್ಷೆಯ ಕಾರ್ಖಾನೆಯ ಒಡೆಯನಾದ ಫಿಲಿಪ್ ಮ್ಯಾನ್‌ಫೀಲ್ಡ್ ಎಂಬಾತನನ್ನು ಆರಿಸಿದರು. ಆತನನ್ನು ಯಾರೂ ತಡೆಯಲಿಲ್ಲ.

ಇಂದು ನಮ್ಮ ಲೋಕಸಭೆಯ ಸ್ಥಾನವು ತೆರವಾದರೆ ಸಾಮಾನ್ಯವಾಗಿ 6 ತಿಂಗಳೊಳಗೆ ಅದನ್ನು ಚುನಾವಣೆಯಿಂದ ತುಂಬಬೇಕೆಂದು ಕಾನೂನಿದೆ. ಆರಿಸಿ ಬಂದವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಬಹುದು. ನಮ್ಮ ಸಂವಿಧಾನವು ಎರಡನ್ನೂ ಒಂದರ ಪಕ್ಕದಲ್ಲೊಂದು ಇಟ್ಟಿದೆ. ನಮಗೆ ಕೇಳದೆಯೇ ದೊರೆತ ಈ ಸೌಲಭ್ಯಕ್ಕಾಗಿ ಒಬ್ಬನು ಆರು ವರ್ಷ ಹೊರಗೆ ನಿಂತಿದ್ದನು, ಒಂದು ಊರಿನ ಕೆಲಸಗಾರರು ಉಳಿಯನ್ನು ಕೆಳಗಿಟ್ಟು ಮತ್ತೆ ಮತ್ತೆ ಮತಗಟ್ಟೆಗೆ ನಡೆದಿದ್ದರು.

ಈಚೆಗೆ ರಜೆಯಲ್ಲಿ ಊರಿಗೆ ಹೋದಾಗ ಈ ಕಥೆಯನ್ನು ತಾಯಿಗೆ ಹೇಳಿದೆನು. ಬ್ರಾಡ್ಲಾನ ಹೆಸರು ಆಕೆಯ ನಾಲಿಗೆಗೆ ಹೊರಳಲಿಲ್ಲ. ಆ ಚಪ್ಪಲಿ ಹೊಲಿಯುವವರು ಪ್ರತಿಸಲವೂ ಕೆಲಸ ಬಿಟ್ಟು ಬಂದರೆ ಎಂದು ಮಾತ್ರ ಕೇಳಿದಳು. ಬಂದರು ಎಂದೆನು. ಆಕೆ ತಲೆಯಾಡಿಸಿ ಒಲೆಯ ಕಡೆಗೆ ತಿರುಗಿದಳು.