ಒಳಿತು-ಕೆಡುಕಿಗೆ ಕೋಷ್ಟಕ ಬರೆದ ಗ್ಯಾರಿ ಗೈಗ್ಯಾಕ್ಸ್

1970ರಲ್ಲಿ ಅಮೆರಿಕದ ಚಿಕಾಗೊ ನಗರದ ವಿಮಾ ಕಂಪನಿಯೊಂದರಲ್ಲಿ ಕೆಲಸ ಕಳೆದುಕೊಂಡ ಮೂವತ್ತೆರಡು ವರ್ಷದ ನೌಕರರೊಬ್ಬರು ಮನೆಯ ನೆಲಮಾಳಿಗೆಯಲ್ಲಿ ಶೂ ರಿಪೇರಿ ಮಾಡುತ್ತ ಸಂಸಾರ ಸಾಗಿಸತೊಡಗಿದರು. ಅದೇ ನೆಲಮಾಳಿಗೆಯಲ್ಲಿ ಮರಳು ತುಂಬಿದ ದೊಡ್ಡ ಮೇಜೊಂದಿತ್ತು. ಬಿಡುವಾದಾಗ ಗೆಳೆಯರು ಸೇರಿ ಅದರ ಮೇಲೆ ಪುಟ್ಟ ಸೈನಿಕ ಬೊಂಬೆಗಳನ್ನು ಹೂಡಿ, ದಾಳ ಉರುಳಿಸಿ, ಯುದ್ಧದ ಆಟ ಆಡುತ್ತಿದ್ದರು. ಕೆಲವೇ ವರ್ಷಗಳಲ್ಲಿ ಆ ಮೇಜಿನ ಆಟ ಜಗತ್ತಿನ ಲಕ್ಷಾಂತರ ಯುವಕರ ಹುಚ್ಚಾಗಿ ಬೆಳೆಯಿತು. ಆ ಶೂ ರಿಪೇರಿಯವರೇ ಅರ್ನೆಸ್ಟ್ ಗ್ಯಾರಿ ಗೈಗ್ಯಾಕ್ಸ್. ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’.

ಗೈಗ್ಯಾಕ್ಸ್ ಹುಟ್ಟಿದ್ದು 1938ರ ಜುಲೈ 27ರಂದು, ಚಿಕಾಗೊದಲ್ಲಿ. ತಂದೆ ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದವರು, ಚಿಕಾಗೊ ಸಿಂಫನಿ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸುತ್ತಿದ್ದವರು. ಬಾಲಕನಿಗೆ ಎಂಟು ವರ್ಷವಾಗುವ ಹೊತ್ತಿಗೆ ಕುಟುಂಬ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿಗೆ ಬಂದು ನೆಲೆಸಿತು. ಹೈಸ್ಕೂಲು ಅರ್ಧಕ್ಕೇ ನಿಂತಿತು. ಅಗ್ಗದ ಸಾಹಸಕಥೆಗಳ ಓದು ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲ. 1968ರಲ್ಲಿ ಊರಿನ ಹಾರ್ಟಿಕಲ್ಚರಲ್ ಹಾಲ್‌ನಲ್ಲಿ ಯುದ್ಧದಾಟದ ಹವ್ಯಾಸಿಗಳನ್ನು ಕೂಡಿಸಿ ಅವರು ನಡೆಸಿದ ಮೇಳವೇ ಇಂದಿನ ಪ್ರಖ್ಯಾತ ‘ಜೆನ್ ಕಾನ್’.

1971ರಲ್ಲಿ ಜೆಫ್ ಪೆರೆನ್ ಎಂಬುವರೊಡನೆ ಸೇರಿ ಗೈಗ್ಯಾಕ್ಸ್ ‘ಚೈನ್‌ಮೇಲ್’ ಎಂಬ ನಿಯಮಪುಸ್ತಿಕೆಯನ್ನು ಪ್ರಕಟಿಸಿದರು. ಮಧ್ಯಯುಗದ ಕಾಳಗಗಳಿಗೆಂದು ಬರೆದ ಆ ಪುಸ್ತಿಕೆಯ ಕೊನೆಗೆ ಮಾಂತ್ರಿಕರು, ಡ್ರ್ಯಾಗನ್‌ಗಳು, ಓರ್ಕ್ ಎಂಬ ವಿಕಾರ ಜೀವಿಗಳು ಕಾದಾಡುವ ಒಂದು ಅನುಬಂಧವಿತ್ತು. ಈ ಜೀವಿಗಳನ್ನು ಅಲ್ಲಿ ನಿಯಮ, ತಟಸ್ಥ, ಅರಾಜಕತೆ ಎಂಬ ಮೂರು ಸಾಲುಗಳಲ್ಲಿ ಹಂಚಲಾಗಿತ್ತು. ಪೌಲ್ ಆಂಡರ್ಸನ್ ಮತ್ತು ಮೈಕೆಲ್ ಮೂರ್‌ಕಾಕ್ ಅವರ ಕಾದಂಬರಿಗಳಲ್ಲಿದ್ದ ಕಲ್ಪನೆ ಅದು. ಆದರೆ ಆಟದಲ್ಲಿ ಅದರ ಕೆಲಸ ಬಲು ಸರಳ. ಯಾವ ಸೈನ್ಯಕ್ಕೆ ಯಾರು ಸೇರಬಹುದು ಎಂಬುದನ್ನು ಹೇಳಿದರೆ ಸಾಕಿತ್ತು. ಚದುರಂಗದ ಕಾಯಿಗೆ ಬಿಳಿ, ಕಪ್ಪು ಬಣ್ಣವಿದ್ದಂತೆ. ಕಪ್ಪು ಕಾಯಿಯನ್ನು ಹೊಡೆದವನಿಗೆ ಪಾಪಪ್ರಜ್ಞೆ ಕಾಡುವುದಿಲ್ಲ.

ಮಿನ್ನೆಸೋಟಾದ ಡೇವ್ ಆರ್ನೆಸನ್ ಈ ಆಟದ ದಿಕ್ಕನ್ನೇ ಬದಲಿಸಿದರು. ಸೈನ್ಯದ ಬದಲು ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಪಾತ್ರ; ಕಥೆ ನಡೆಸಲು ಒಬ್ಬ ಸೂತ್ರಧಾರ. ಇಬ್ಬರೂ ಸೇರಿ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರ ಜನವರಿಯಲ್ಲಿ ಹೊರಬಂತು. ಬಾಲ್ಯದ ಗೆಳೆಯ ಡಾನ್ ಕೇ ಜತೆ ಹಿಂದಿನ ವರ್ಷವಷ್ಟೇ ಆರಂಭಿಸಿದ್ದ ಟಿಎಸ್‌ಆರ್ ಸಂಸ್ಥೆ ಅಚ್ಚು ಹಾಕಿಸಿದ್ದು ಸಾವಿರ ಪ್ರತಿಗಳನ್ನು. ಪೆಟ್ಟಿಗೆಗಳನ್ನು ಕೈಯಿಂದಲೇ ಜೋಡಿಸಲಾಗಿತ್ತು. ಬೆಲೆ 10 ಡಾಲರ್.

ಪಾತ್ರ ಬಂದೊಡನೆ ಪ್ರಶ್ನೆಯೂ ಬಂತು. ಕಾಯಿಗೆ ಮನಸ್ಸಾಕ್ಷಿ ಇರುವುದಿಲ್ಲ, ಪಾತ್ರಕ್ಕೆ ಇರಬೇಕಾಗುತ್ತದೆ. ಗೈಗ್ಯಾಕ್ಸ್ 1976ರಲ್ಲಿ ಸಂಸ್ಥೆಯ ಪತ್ರಿಕೆಗೆ ಬರೆದ ಲೇಖನದಲ್ಲಿ ನಿಯಮ-ಅರಾಜಕತೆಯ ಗೆರೆಗೆ ಅಡ್ಡಲಾಗಿ ಒಳಿತು-ಕೆಡುಕಿನ ಇನ್ನೊಂದು ಗೆರೆ ಎಳೆದು ನಕ್ಷೆಯನ್ನೇ ಬಿಡಿಸಿದರು. ಅದೇ ಮುಂದೆ ಒಂಬತ್ತು ಮನೆಗಳ ಕೋಷ್ಟಕವಾಯಿತು. ಕಾನೂನಿಗೆ ತಲೆಬಾಗುವ ಸಜ್ಜನನಿದ್ದಂತೆ ಕಾನೂನಿಗೆ ತಲೆಬಾಗುವ ದುಷ್ಟನೂ ಇರಬಹುದು, ಕಟ್ಟಳೆ ಮುರಿಯುವವರಲ್ಲೂ ಒಳ್ಳೆಯವರಿರಬಹುದು ಎಂಬ ಈ ವಿಂಗಡಣೆ ಹದಿಹರೆಯದವರಿಗೆ ಹೊಸ ಚರ್ಚೆಯ ಬಾಗಿಲು ತೆರೆಯಿತು. 1978ರ ನಿಯಮಪುಸ್ತಕದಲ್ಲಿ ಪ್ಯಾಲಡಿನ್ ಎಂಬ ಧರ್ಮಯೋಧನ ಪಾತ್ರಕ್ಕೆ ಕಟ್ಟುನಿಟ್ಟಿನ ಶರತ್ತಿತ್ತು: ತಿಳಿದೂ ತಿಳಿದೂ ಒಂದು ದುಷ್ಟ ಕೆಲಸ ಮಾಡಿದರೂ ಸಾಕು, ಆತನ ಪಟ್ಟ ಶಾಶ್ವತವಾಗಿ ಹೋಯಿತು.

ಅತ್ತ ಓರ್ಕ್‌ಗಳ ಗತಿ ಬೇರೆಯಾಯಿತು. 1974ರ ಪಟ್ಟಿಯಲ್ಲಿ ಓರ್ಕ್ ತಟಸ್ಥರ ಸಾಲಿನಲ್ಲೂ ಇತ್ತು, ಅರಾಜಕರ ಸಾಲಿನಲ್ಲೂ ಇತ್ತು. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಪ್ರಾಣಿಕೋಶದಂತೆ ಪ್ರತಿಯೊಂದು ಜೀವಿಗೂ ಸ್ವಭಾವದ ಚೀಟಿ ಅಂಟಿಸಿತು. ಓರ್ಕ್‌ಗೆ ಸಿಕ್ಕಿದ್ದು ದುಷ್ಟ ಎಂಬ ಚೀಟಿ. ಹಿರಣ್ಯಕಶಿಪುವಿನ ಮನೆಯಲ್ಲಿ ಪ್ರಹ್ಲಾದ ಹುಟ್ಟಿದ ಕಥೆ ಕೇಳಿ ಬೆಳೆದ ನಮಗೆ ಇದು ಸ್ವಲ್ಪ ಒರಟೆನಿಸದೆ ಇರದು. ವಿಚಿತ್ರವೆಂದರೆ ಇಕ್ಕಟ್ಟನ್ನು ತಂದೊಡ್ಡಿದವರೂ ಗೈಗ್ಯಾಕ್ಸ್ ಅವರೇ. ಅವರು ಬರೆದ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಎಂಬ ಸಾಹಸದ ಗುಹೆಗಳಲ್ಲಿ ಓರ್ಕ್ ಯೋಧರಷ್ಟೇ ಅಲ್ಲ, ಹೆಂಗಸರೂ ಮರಿಗಳೂ ಇದ್ದಾರೆ. ಗಂಡಸರನ್ನು ಕೊಂದು ಒಳಹೊಕ್ಕ ಧರ್ಮಯೋಧ ಈ ಮರಿಗಳನ್ನು ಏನು ಮಾಡಬೇಕು? ಬಿಟ್ಟರೆ ನಾಳೆ ಬೆಳೆದು ಊರಿನ ಮೇಲೆ ಬೀಳಬಹುದು, ಕೊಂದರೆ ಶಿಶುಹತ್ಯೆ. ಆರಂಭಿಕರ ಪೆಟ್ಟಿಗೆಯೊಡನೆಯೇ ಈ ಸಾಹಸ ಬರುತ್ತಿದ್ದುದರಿಂದ ಅಸಂಖ್ಯ ಮೇಜುಗಳ ಸುತ್ತ ಇದೇ ವಾದ ನಡೆಯಿತು.

ಹೊರಗಿನ ಗದ್ದಲ ಮಾತ್ರ ಬೇರೆಯದಕ್ಕೆ. 1979ರಲ್ಲಿ ಮಿಷಿಗನ್ನಿನ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಪತ್ರಿಕೆಗಳು ಈ ಆಟದತ್ತ ಬೆರಳು ಮಾಡಿದವು. ಅವನ ಸಂಕಟಕ್ಕೆ ಕಾರಣಗಳು ಬೇರೆಯಿದ್ದವು. 1983ರಲ್ಲಿ, ಮಗನನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡ ವರ್ಜೀನಿಯಾದ ತಾಯಿಯೊಬ್ಬರು ಆಟದ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. ಪುಸ್ತಕದಲ್ಲಿ ಪಿಶಾಚಿಗಳ ಚಿತ್ರವಿರುವುದರಿಂದ ಇದು ಸೈತಾನನ ಪೂಜೆ ಎಂದು ಕೆಲವು ಧಾರ್ಮಿಕ ಗುಂಪುಗಳು ಪ್ರಚಾರ ಮಾಡಿದವು. ಒಂದು ಕಾಲಕ್ಕೆ ಯೆಹೋವನ ಸಾಕ್ಷಿಗಳ ಪಂಥದಲ್ಲಿದ್ದ, ದೈವಭಕ್ತರೇ ಆದ ಗೈಗ್ಯಾಕ್ಸ್ 1985ರಲ್ಲಿ ‘60 ಮಿನಿಟ್ಸ್’ ಎಂಬ ಟಿವಿ ಕಾರ್ಯಕ್ರಮದಲ್ಲಿ ಕುಳಿತು, ಇದು ಬರಿಯ ಕಲ್ಪನೆಯ ಆಟವೆಂದು ಸಮರ್ಥಿಸಿಕೊಳ್ಳಬೇಕಾಯಿತು. ಆಟದೊಳಗೆ ನಿಜವಾಗಿ ಚರ್ಚೆಗೆ ಯೋಗ್ಯವಾದ ನೀತಿಯ ಪ್ರಶ್ನೆ ಆ ಮರಿಗಳದ್ದಾಗಿತ್ತು. ಟೀಕಾಕಾರರಿಗೆ ಅದು ಕಣ್ಣಿಗೇ ಬೀಳಲಿಲ್ಲ.

ಅದೇ ವರ್ಷ ಸಂಸ್ಥೆಯ ಹಿಡಿತ ಲೊರೇನ್ ವಿಲಿಯಮ್ಸ್ ಅವರ ಕೈಸೇರಿತು. 1986ರ ಅಂತ್ಯದ ವೇಳೆಗೆ ಗೈಗ್ಯಾಕ್ಸ್ ತಾವೇ ಕಟ್ಟಿದ ಮನೆಯಿಂದ ಹೊರಬಿದ್ದರು. 1989ರ ಹೊಸ ಆವೃತ್ತಿಯಲ್ಲಿ ಕೊಲೆಗಡುಕನ ಪಾತ್ರವನ್ನು ಕೈಬಿಡಲಾಯಿತು. ಪಿಶಾಚಿಗಳನ್ನು ಮೊದಲು ತೆಗೆದುಹಾಕಿ ಆಮೇಲೆ ಬೇರೆ ಹೆಸರಿನಲ್ಲಿ ಕರೆತರಲಾಯಿತು. ಓರ್ಕ್‌ನ ಚೀಟಿ ಕದಲಲಿಲ್ಲ.

ಮರಿಗಳ ಪ್ರಶ್ನೆಗೆ ಗೈಗ್ಯಾಕ್ಸ್ ನೇರ ಉತ್ತರ ಕೊಟ್ಟಿದ್ದು 2005ರಲ್ಲಿ, ಅಭಿಮಾನಿಗಳೊಂದಿಗಿನ ಪ್ರಶ್ನೋತ್ತರದಲ್ಲಿ. ಶರಣಾದ ದುಷ್ಟ ಕೈದಿಗಳನ್ನು ಧರ್ಮಯೋಧ ಕೊಲ್ಲಬಹುದು, ಅವರು ಒಳಿತಿಗೆ ಮರಳಿದ್ದರೂ ಮತ್ತೆ ಜಾರುವ ಮುನ್ನವೇ ಪರಲೋಕಕ್ಕೆ ಕಳಿಸಬಹುದು ಎಂಬುದು ಅವರ ನಿಲುವಾಗಿತ್ತು. ಮರಿಗಳ ವಿಷಯದಲ್ಲಿ ಹೇನಿನ ಮೊಟ್ಟೆಯಿಂದ ಹೇನೇ ಹುಟ್ಟುತ್ತದೆ ಎಂಬರ್ಥದ ಹಳೆಯ ಗಾದೆಯೊಂದನ್ನು ಮುಂದಿಟ್ಟರು. 1864ರಲ್ಲಿ ಕೊಲರಾಡೊದ ಸ್ಯಾಂಡ್ ಕ್ರೀಕ್‌ನಲ್ಲಿ ಶಯೆನ್ ಮತ್ತು ಅರಾಪಹೊ ಮೂಲನಿವಾಸಿಗಳ ಹೆಂಗಸರು ಮಕ್ಕಳನ್ನೂ ಬಿಡದೆ ಕೊಲ್ಲಿಸಿದ ಕರ್ನಲ್ ಚಿವಿಂಗ್ಟನ್ ಹೆಸರಿಗೆ ಅಂಟಿಕೊಂಡಿರುವ ಮಾತದು. ಆ ನಂಟು ಗೈಗ್ಯಾಕ್ಸ್ ಅವರಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಒಂಬತ್ತು ಬಗೆಯ ಮನಸ್ಸುಗಳನ್ನು ಬಿಡಿಸಿಟ್ಟ ವ್ಯಕ್ತಿ ಕೊನೆಗೂ ಓರ್ಕ್‌ನಲ್ಲಿ ಮರಳಿನ ಮೇಜಿನ ಕಪ್ಪು ಕಾಯಿಯನ್ನಷ್ಟೇ ಕಂಡರು.

2004ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಬಳಿಕ ಅವರ ಆರೋಗ್ಯ ಸುಧಾರಿಸಲಿಲ್ಲ. 2008ರ ಮಾರ್ಚ್ 4ರಂದು, 69ನೇ ವಯಸ್ಸಿನಲ್ಲಿ, ಲೇಕ್ ಜಿನೀವಾದ ಮನೆಯಲ್ಲೇ ತೀರಿಕೊಂಡರು. ಮರುವರ್ಷ ಆರ್ನೆಸನ್ ಕೂಡ ಹೋದರು. 2020ರಲ್ಲಿ ಆಟದ ಈಗಿನ ಒಡೆಯರಾದ ವಿಜಾರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ, ಓರ್ಕ್‌ಗಳನ್ನು ಇನ್ನು ಮುಂದೆ ಹುಟ್ಟಾ ದುಷ್ಟರೆಂದು ಚಿತ್ರಿಸುವುದಿಲ್ಲವೆಂದು ಪ್ರಕಟಿಸಿತು. 2024ರ ನಿಯಮಪುಸ್ತಕದಲ್ಲಿ ಆಟಗಾರರು ತಮ್ಮ ಪಾತ್ರಕ್ಕೆಂದು ಆರಿಸಿಕೊಳ್ಳಬಹುದಾದ ಕುಲಗಳ ಪಟ್ಟಿಯಲ್ಲಿ ಮನುಷ್ಯರ ಜತೆಗೇ ಓರ್ಕ್ ಕೂಡ ಸೇರಿದೆ.