ಶಿಸ್ತಿನ ಶಿವಪ್ಪ ನಾಯಕ: ಕಲ್ಲಿನ ಅಳತೆಯಿಂದ ಡೇಟಾಬೇಸ್‌ವರೆಗೆ

ಶಿಸ್ತಿನ ಶಿವಪ್ಪ ನಾಯಕ ಅಂದ ಕೂಡಲೇ ಬಹಳ ಜನ ಯಾರೋ ಕಟ್ಟುನಿಟ್ಟಿನ ರಾಜ ಇರಬೇಕು ಅಂದ್ಕೋತಾರೆ. ಆದರೆ ಆ ಹೆಸರಿನಲ್ಲಿರುವ ಶಿಸ್ತು ಅಂದರೆ ಭೂಮಿಗೆ ಕಂದಾಯ ಗೊತ್ತು ಮಾಡುವ ಪದ್ಧತಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಂದ ಗೆಳೆಯರಿಗೆ ಇದು ಗೊತ್ತಿರಬಹುದು. ಉಳಿದವರಿಗಾಗಿ, ಅದರಲ್ಲೂ ಈಗ ಡಿಬಿಎಂಎಸ್ ಲ್ಯಾಬ್ ಮಾಡ್ತಿರೋರಿಗಾಗಿ, ಈ ಸಲ ಅವನ ಬದುಕಿನ ಕಥೆ ಹೇಳ್ತೀವಿ. 17ನೇ ಶತಮಾನದ ಅರಸನಿಗೂ ವೆಬ್‌ಸೈಟ್‌ಗಳ ಎಸ್‌ಕ್ಯೂಎಲ್ ಇಂಜೆಕ್ಷನ್‌ಗೂ ಏನು ಸಂಬಂಧ ಅಂತೀರಾ? ಓದ್ತಾ ಹೋಗಿ.

ಕೆಳದಿ ಅರಸರು ಮೊದಲು ಆಳಿದ್ದು ಸಾಗರದ ಪಕ್ಕದ ಕೆಳದಿಯಿಂದ, ಆಮೇಲೆ ಅದೇ ತಾಲ್ಲೂಕಿನ ಇಕ್ಕೇರಿಯಿಂದ. ವೀರಭದ್ರ ನಾಯಕನ ಕಾಲದಲ್ಲಿ ಬಿಜಾಪುರದ ಸೈನ್ಯ ಇಕ್ಕೇರಿಗೆ ನುಗ್ಗಿ ಕೊಳ್ಳೆ ಹೊಡೆಯಿತು. ಹಾಗಾಗಿ 1639ರ ಸುಮಾರಿಗೆ ರಾಜಧಾನಿ ಗುಡ್ಡ ಕಾಡುಗಳ ನಡುವಿನ ಬಿದನೂರಿಗೆ ಹೋಯಿತು. ಇವತ್ತಿನ ಹೊಸನಗರ ತಾಲ್ಲೂಕಿನ ನಗರವೇ ಆ ಬಿದನೂರು. ವೀರಭದ್ರನ ನಂತರ, 1645ರಲ್ಲಿ, ಶಿವಪ್ಪ ನಾಯಕ ಪಟ್ಟಕ್ಕೆ ಬಂದ.

ಅವನು ಆಳಿದ್ದು 15 ವರ್ಷ. ಅಷ್ಟರಲ್ಲೇ ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರಿನ ನೆಲೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ. ನೆಲೆ ತಪ್ಪಿದ್ದ ವಿಜಯನಗರದ ಶ್ರೀರಂಗರಾಯನಿಗೆ ಆಸರೆ ಕೊಟ್ಟ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವನ್ನು ಬಲಪಡಿಸಿದ. ಯುದ್ಧ, ಕೋಟೆ ಎಲ್ಲ ಸರಿ, ಆದರೆ ಜನ ಅವನ ಹೆಸರಿನ ಹಿಂದೆ ಸೇರಿಸಿದ್ದು ಲೆಕ್ಕದ ಪುಸ್ತಕವನ್ನು.

ಗದ್ದೆಯಲ್ಲಿ ಎಷ್ಟು ಬೆಳೆಯುತ್ತೆ ಅಂತ ಕೇಳಿ, ಹೇಳಿದ್ದನ್ನು ಹಾಗೇ ಬರೆದುಕೊಂಡು ಕಂದಾಯ ಹಾಕೋದು ಸುಲಭ. ಆದರೆ ಕೊಡುವವನು ಕಡಿಮೆ ಹೇಳಬಹುದು, ಬರೆಯುವವನು ಜಾಸ್ತಿ ಬರೆಯಬಹುದು. ಶಿವಪ್ಪ ನಾಯಕ ಆ ದಾರಿ ಹಿಡಿಯಲಿಲ್ಲ. ಮಣ್ಣು ಮತ್ತು ನೀರಿನ ಅನುಕೂಲ ನೋಡಿ ಭೂಮಿಯನ್ನು 5 ತರಗತಿ ಮಾಡಿದ. ಊರೂರಲ್ಲೂ ಒಂದೊಂದು ತರಗತಿಯ ಒಂದೊಂದು ಗದ್ದೆ ಆರಿಸಿ, ತನ್ನ ಖರ್ಚಿನಲ್ಲೇ 12 ವರ್ಷ ಬೇಸಾಯ ಮಾಡಿಸಿದ. ಬಿತ್ತಿದ ಬೀಜ, ಆದ ಖರ್ಚು, ಬಂದ ಫಸಲು ಎಲ್ಲವನ್ನೂ ಬರೆಸಿಟ್ಟ. ಅದರ ಸರಾಸರಿ ತೆಗೆದು, ಹುಟ್ಟುವಳಿಯ ಮೂರನೇ ಒಂದು ಪಾಲು ಸರ್ಕಾರಕ್ಕೆ ಅಂತ ಗೊತ್ತು ಮಾಡಿದ. ತೋಟಗಳನ್ನು ಅಳೆಯೋಕೆ ಒಂದು ಕೋಲು ಮಾಡಿಸಿದ. ಆ ಕೋಲಿನ ಉದ್ದಕ್ಕೆ ಆಧಾರ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಮೆಟ್ಟಿಲ ಕಲ್ಲು. ಇವತ್ತಿನ ಲೆಕ್ಕದಲ್ಲಿ 18 ಅಡಿ 6 ಇಂಚು. ಹಾಗೆ ಅಳೆದು, 1000 ಮರಕ್ಕೆ ಇಷ್ಟು ಅಂತ ಕಂದಾಯ ಹಾಕಿದ.

ಇಲ್ಲಿ ನಮಗೆ ಮುಖ್ಯ ಅನಿಸಿದ್ದು ಒಂದೇ ವಿಷಯ. ಕೋಲಿನ ಉದ್ದ ಮೊದಲೇ ಕಲ್ಲಿನಲ್ಲಿ ಗಟ್ಟಿಯಾಗಿತ್ತು. ತೋಟದವನು ಏನೇ ಹೇಳಲಿ, ಅಳೆಯೋಕೆ ಬಂದವನು ಏನೇ ಬರೆಯಲಿ, ಅವರ ಮಾತಿನಿಂದ ಕೋಲು ಉದ್ದವಾಗೋದಿಲ್ಲ, ಗಿಡ್ಡವಾಗೋದಿಲ್ಲ. ನಿಯಮ ಬೇರೆ, ನಿಯಮದೊಳಗೆ ತುಂಬುವ ಸಂಖ್ಯೆ ಬೇರೆ.

ಎಸ್‌ಕ್ಯೂಎಲ್ ಇಂಜೆಕ್ಷನ್ ಹುಟ್ಟೋದು ಈ ಎರಡೂ ಬೆರೆತಾಗ. ಒಂದು ಸೊಸೈಟಿಯ ವೆಬ್‌ಸೈಟ್ ಇದೆ ಅಂದ್ಕೊಳ್ಳಿ. ಸದಸ್ಯರ ಹೆಸರು ಹಾಕೋಕೆ ಒಂದು ಖಾನೆ ಇದೆ. ನೀವು ಟೈಪ್ ಮಾಡಿದ ಹೆಸರನ್ನು ಪ್ರೋಗ್ರಾಂ ತನ್ನ ಆಜ್ಞೆಯ ಸಾಲಿಗೆ ಅಂಟಿಸಿ ಡೇಟಾಬೇಸ್‌ಗೆ ಕಳಿಸುತ್ತೆ. ಯಾರೋ ಒಬ್ಬ ಹೆಸರಿನ ಜಾಗದಲ್ಲಿ ಒಂದು ಕೋಟ್ ಚಿಹ್ನೆ ಹಾಕಿ, ಅದರ ಮುಂದೆ ಒಂದಕ್ಕೆ ಒಂದು ಸಮ ಅನ್ನೋ ಷರತ್ತನ್ನು ಅಥವಾ ಅಂತ ಸೇರಿಸಿ ಬರೆದರೆ? ಹೆಸರು ಅಲ್ಲಿಗೆ ಮುಗಿಯಿತು, ಉಳಿದದ್ದು ಆಜ್ಞೆ ಅಂತ ಡೇಟಾಬೇಸ್ ಓದುತ್ತೆ. ಒಂದಕ್ಕೆ ಒಂದು ಯಾವಾಗಲೂ ಸಮ ತಾನೇ? ಎಲ್ಲ ಸದಸ್ಯರ ವಿವರವೂ ಹೊರಗೆ ಬಂತು. ಇದಕ್ಕೆ ಮದ್ದು ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಆಜ್ಞೆಯ ಸಾಲು ಮೊದಲೇ ಗಟ್ಟಿ, ಬಳಕೆದಾರ ಕೊಟ್ಟದ್ದು ಆಮೇಲೆ ಬರೀ ಮೌಲ್ಯವಾಗಿ ಒಳಗೆ ಹೋಗುತ್ತೆ. ಇಕ್ಕೇರಿಯ ಕೋಲಿನ ಥರಾನೇ.

1660ರಲ್ಲಿ ಶಿವಪ್ಪ ನಾಯಕ ತೀರಿಕೊಂಡ. ಅವನ ನಂತರವೂ ಬಿದನೂರು ನೂರು ವರ್ಷ ನಿಂತಿತು. ಸುತ್ತಲೂ ಬೆಟ್ಟ, ದಟ್ಟ ಕಾಡು, ದಾರಿಗೆಲ್ಲ ಕಾವಲು. ಆದರೂ 1763ರಲ್ಲಿ, ರಾಣಿ ವೀರಮ್ಮಾಜಿಯ ಕಾಲದಲ್ಲಿ, ಹೈದರಾಲಿ ಊರೊಳಗೆ ಬಂದ. ಹಳೆಯ ಮಂತ್ರಿ ಲಿಂಗಣ್ಣ ಗುಟ್ಟಿನ ದಾರಿಯೊಂದನ್ನು ಅವನಿಗೆ ತೋರಿಸಿದ ಅಂತ ಇತಿಹಾಸಕಾರರು ಬರೆದಿದ್ದಾರೆ. ಕಾವಲಿದ್ದ ದಾರಿಗಳು ಗಟ್ಟಿಯಾಗೇ ಇದ್ದವು. ಸೈನ್ಯ ಬಂದದ್ದು ಅವುಗಳ ಮೂಲಕ ಅಲ್ಲ, ಅಷ್ಟೇ.

ಮದ್ದು ಇದೆ, ಹಾಗಾಗಿ ನಾವು ಸೇಫ್ ಅಂದ್ಕೊಳ್ಳೋರಿಗೆ ಇಂಥದ್ದೇ ಪಾಠ 2014ರಲ್ಲಿ ಸಿಕ್ಕಿತು. ದ್ರುಪಲ್ ಅನ್ನೋದು ಜಗತ್ತಿನಾದ್ಯಂತ ವೆಬ್‌ಸೈಟ್ ನಡೆಸೋಕೆ ಬಳಸುವ ತಂತ್ರಾಂಶ. ಅದರ 7ನೇ ಆವೃತ್ತಿಯಲ್ಲಿ ಇಂಜೆಕ್ಷನ್ ತಡೆಯೋಕೆ ಅಂತಲೇ ಬರೆದ ಭಾಗ ಇತ್ತು. ಬಳಕೆದಾರ ಒಂದೇ ಮೌಲ್ಯದ ಬದಲು ಆ್ಯರೇ ಕಳಿಸಿದರೆ, ಆ ಭಾಗ ಆ್ಯರೇಯ ಮೌಲ್ಯಗಳನ್ನು ಜೋಪಾನವಾಗಿ ನೋಡ್ತಿತ್ತು. ಆದರೆ ಕೀಗಳನ್ನು ಮಾತ್ರ ಪರೀಕ್ಷಿಸದೆ ಆಜ್ಞೆಯ ಸಾಲಿಗೇ ಸೇರಿಸ್ತಿತ್ತು. ಆ ಕೀಗಳನ್ನು ಬರೆಯೋನು ಹೊರಗಿನವನು! ಲಾಗಿನ್ ಕೂಡ ಆಗದೆ ಡೇಟಾಬೇಸ್ ಕೈಗೆ ಸಿಗ್ತಿತ್ತು. ಅಕ್ಟೋಬರ್ 15ರಂದು ತಿದ್ದುಪಡಿ ಬಿಟ್ಟರು, ಮುಖ್ಯ ಬದಲಾವಣೆ ಒಂದೇ ಸಾಲಿನದು. ಕೆಲವೇ ಗಂಟೆಯಲ್ಲಿ ದಾಳಿ ಶುರುವಾಯಿತು. 7 ಗಂಟೆಯೊಳಗೆ ಅಪ್‌ಡೇಟ್ ಮಾಡದ ಸೈಟುಗಳೆಲ್ಲ ಕೈತಪ್ಪಿವೆ ಅಂತಲೇ ತಿಳಿಯಿರಿ ಎಂದು ದ್ರುಪಲ್‌ನ ಸುರಕ್ಷತಾ ತಂಡ ಆಮೇಲೆ ಎಚ್ಚರಿಸಿತು.

ಇದೆಲ್ಲ ದೂರದ ಮಾತು ಅಂತ ಬಿಡೋ ಹಾಗಿಲ್ಲ. ಶಿವಪ್ಪ ನಾಯಕ ಅಳೆಸಿದ ಅದೇ ನೆಲದ ಪಹಣಿಗಳು ಈಗ ಡೇಟಾಬೇಸ್‌ನಲ್ಲಿವೆ. 2000ದ ಆಸುಪಾಸಿನಲ್ಲಿ ಬಂದ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್ ಸೇರಿತು, ಕೈಬರಹದ ಪಹಣಿಗೆ ಬೆಲೆ ಹೋಯಿತು. ಅಜ್ಜನ ಕಾಲದಿಂದ ಉತ್ತ ಗದ್ದೆ ತನ್ನದು ಅಂತ ಬ್ಯಾಂಕಿನಲ್ಲಿ ತೋರಿಸೋಕೆ ರೈತನಿಗೆ ಇರೋದು ಟೇಬಲ್ಲಿನ ಒಂದು ಸಾಲು. ಅಂಥ ಸಾಲುಗಳನ್ನು ಕಾಯುವ ಕೋಡ್‌ನ ನಾಳೆ ಬರೆಯೋರು ನಮ್ಮ ನಿಮ್ಮಂಥ ಹುಡುಗ ಹುಡುಗಿಯರೇ.

ಹಾಗಾಗಿ ಫೆಸ್ಟ್‌ಗೋ, ಊರಿನ ಸಂಘಕ್ಕೋ ವೆಬ್‌ಸೈಟ್ ಮಾಡುವಾಗ ಮೂರು ಕೆಲಸ ಮರೀಬೇಡಿ. ಟೈಪ್ ಆಗಿ ಬಂದದ್ದನ್ನು ಆಜ್ಞೆಯ ಸಾಲಿಗೆ ಅಂಟಿಸಬೇಡಿ. ವೆಬ್‌ಸೈಟ್ ಬಳಸುವ ಡೇಟಾಬೇಸ್ ಖಾತೆಗೆ ಬೇಕಾದಷ್ಟೇ ಅಧಿಕಾರ ಕೊಡಿ, ಓದಿದರೆ ಸಾಕು ಅನ್ನೋ ಕಡೆ ಅಳಿಸುವ ಅಧಿಕಾರ ಯಾಕೆ? ಅಪ್‌ಡೇಟ್ ಮತ್ತು ಪ್ಲಗಿನ್‌ಗಳನ್ನು ಪರೀಕ್ಷೆ ಮುಗೀಲಿ ಅಂತ ಮುಂದೂಡಬೇಡಿ.

ರಜೆಯಲ್ಲಿ ಸಾಗರದ ಕಡೆ ಹೋದರೆ ಇಕ್ಕೇರಿಗೂ ಹೋಗಿ ಬನ್ನಿ. ಜೇಬಲ್ಲಿ ಒಂದು ಅಳತೆ ಟೇಪ್ ಇರಲಿ.